ಪಟಮಟದ ಮಂಚುಗಡ್ಡ

ಮನೆಯಲ್ಲಿ ಯಾವುದಾದರೂ ಯಂತ್ರ ಕೆಟ್ಟು ನಿಂತರೆ ದಾಕ್ಷಾಯಣಿಯ ಮುಖಕ್ಕೆ ಕಳೆ ಬರುತ್ತಿತ್ತು. ಬೇರೆ ಹೆಂಗಸರು ಮಿಕ್ಸರ್ ನಿಂತಿತೆಂದು ತಲೆಯ ಮೇಲೆ ಕೈ ಹೊತ್ತು ಕೂತರೆ, ಈಕೆ ಸೆರಗು ಸಿಕ್ಕಿಸಿ, ನೆಲಕ್ಕೆ ಹಳೇ ಪೇಪರು ಹಾಸಿ, ಅದರ ಹೊಟ್ಟೆ ಬಿಚ್ಚಿ ಕೂರುತ್ತಿದ್ದಳು. ಇದು ಅಪ್ಪನಿಂದ ಬಂದ ಚಟ. ಗದಗಿನಲ್ಲಿ ಅಪ್ಪ ಶಂಕರಪ್ಪನದು ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಗಂಡುಮಕ್ಕಳು ಆ ಕಡೆ ಹಣಿಕಿಯೂ ನೋಡದಿದ್ದರೆ, ಮಗಳು ಶಾಲೆ ಬಿಟ್ಟವಳೇ ಅಲ್ಲಿಗೆ ಓಡುತ್ತಿದ್ದಳು. ಮುಂದೆ ಬ್ಯಾಂಕಿನ ಗುಮಾಸ್ತ ಚಂದ್ರಮೌಳಿಯ ಕೈ ಹಿಡಿದು, ಅವನ ವರ್ಗಾವಣೆಯ ಹಿಂದೆ ಊರೂರು ಅಲೆದರೂ ಚಟ ಬಿಡಲಿಲ್ಲ. ಒಮ್ಮೆ ಗಂಡನ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಉಳಿದುಬಿಟ್ಟಿತ್ತು. ರೇಡಿಯೋ ಮೊದಲಿಗಿಂತ ಗಟ್ಟಿಯಾಗಿಯೇ ಹಾಡುತ್ತಿತ್ತು. ಆದರೂ ಚಂದ್ರಮೌಳಿ ಬಂದವರೆದುರೆಲ್ಲ ಆ ಸ್ಕ್ರೂವಿನ ಕಥೆ ಹೇಳುವುದನ್ನು ನಿಲ್ಲಿಸಲಿಲ್ಲ.

ತೊಂಬತ್ತೆರಡರಲ್ಲಿ ಚಂದ್ರಮೌಳಿಗೆ ಆಫೀಸರನಾಗಿ ಬಡ್ತಿ ಸಿಕ್ಕಿತು. ಜೊತೆಗೇ ವಿಜಯವಾಡಕ್ಕೆ ವರ್ಗವಾಯಿತು. ಅದೇ ವರ್ಷ ಒಬ್ಬಳೇ ಮಗಳು ಪದ್ಮಾಳ ಮದುವೆಯೂ ಮುಗಿದು, ಆಕೆ ಹುಬ್ಬಳ್ಳಿಯ ಸೊಸೆಯಾದಳು. ಗಂಡ ಹೆಂಡತಿ ಇಬ್ಬರೇ ಬಂದು ಪಟಮಟದಲ್ಲಿ ಅನ್ನಪೂರ್ಣಮ್ಮ ಎಂಬಾಕೆಯ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದರು. ಕೆಳಗೆ ಅನ್ನಪೂರ್ಣಮ್ಮನದೇ ಸಂಸಾರ. ಸಂಸಾರವೆಂದರೆ ಆಕೆ, ಆಕೆಯ ಉಪ್ಪಿನಕಾಯಿ ಜಾಡಿಗಳು, ದಿನವಿಡೀ ಬಂದು ಹೋಗುವ ಬೀದಿಯ ಜನ. ದನಿ ಎಂಥದೆಂದರೆ ಅಡುಗೆಮನೆಯಲ್ಲಿ ನಿಂತು ಕೂಗಿದರೆ ಬಸ್ ಸ್ಟಾಪಿನಲ್ಲಿದ್ದ ತರಕಾರಿಯವನು ತಿರುಗಿ ಬರುತ್ತಿದ್ದ.

ದಾಕ್ಷಾಯಣಿಗೆ ತೆಲುಗು ಬಾರದು. ಚಂದ್ರಮೌಳಿಗೆ ಬ್ಯಾಂಕಿನಲ್ಲಿ ಇಂಗ್ಲಿಷು ನಡೆಯುತ್ತಿತ್ತು. ಈಕೆಗೆ ತರಕಾರಿ ಗಾಡಿಯ ಮುಂದೆ ಬೆರಳು ತೋರಿಸಿ ತಲೆಯಾಡಿಸುವುದಷ್ಟೇ ಗತಿ. ಮಾತಿಲ್ಲದೆ ಬಾಯಿ ಜಡ್ಡುಗಟ್ಟಿತ್ತು. ಮನೆಯ ಯಂತ್ರಗಳೂ ಆ ವರ್ಷ ಹಟ ಹಿಡಿದಂತೆ ಯಾವೂ ಕೆಡಲಿಲ್ಲ.

ಮರುವರ್ಷ ಅನ್ನಪೂರ್ಣಮ್ಮನ ಮಗ ರಾಮಮೋಹನ್ ಮಸ್ಕತ್ತಿನಿಂದ ರಜೆಗೆ ಬಂದ. ಅವನ ಹಿಂದೆಯೇ ಹಡಗಿನಲ್ಲಿ ಒಂದು ಫ್ರಿಜ್ಜೂ ಬಂದು, ವಿಶಾಖಪಟ್ಟಣದ ಬಂದರಿನಲ್ಲಿ ಇಳಿದು, ಲಾರಿ ಹತ್ತಿ ಪಟಮಟಕ್ಕೆ ತಲುಪಿತು. ಎರಡು ಬಾಗಿಲಿನ ಬೀರುವಿನಂಥ ಫ್ರಿಜ್ಜು. ಅದರೊಳಗೆ ಮಂಜುಗಡ್ಡೆಯನ್ನು ತಾನೇ ಮಾಡಿ ತಾನೇ ಉದುರಿಸುವ ಪೆಟ್ಟಿಗೆಯೊಂದಿತ್ತು. ರಾಮಮೋಹನ್ ಪ್ಲಂಬರನನ್ನು ಕರೆಸಿ, ನಲ್ಲಿಯಿಂದ ಫ್ರಿಜ್ಜಿನ ಬೆನ್ನಿಗೆ ತಾಮ್ರದ ಸಣ್ಣ ಕೊಳವೆ ಜೋಡಿಸಿ, ರಜೆ ಮುಗಿಸಿ ಹೊರಟುಹೋದ. ಮೊದಲ ದಿನ ಮಧ್ಯಾಹ್ನ ಮಂಜುಗಡ್ಡೆ ದಡದಡನೆ ಬಿದ್ದಾಗ ಅನ್ನಪೂರ್ಣಮ್ಮ ಅಡುಗೆಮನೆಗೆ ಕಳ್ಳ ನುಗ್ಗಿದನೆಂದು ಲಟ್ಟಣಿಗೆ ಹಿಡಿದು ಎದ್ದಿದ್ದಳು. ಆಮೇಲೆ ಅದೇ ಸದ್ದು ಕೇಳಿಸಲೆಂದು ನೆಂಟರನ್ನು ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿ ಕೂರಿಸತೊಡಗಿದಳು.

ಮಾರ್ಚಿನ ಕೊನೆಯ ಒಂದು ಬೆಳಿಗ್ಗೆ ಆಕೆ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಳು.

"ಅಮ್ಮಾಯ್, ಮಂಚುಗಡ್ಡ ಪಡಟಂ ಲೇದು!"

ದಾಕ್ಷಾಯಣಿಯ ಕಿವಿಗೆ ಬಿದ್ದದ್ದು ಮಂಚ ಮತ್ತು ಗಡ್ಡ. ಯಾರದೋ ಗಡ್ಡ ಮಂಚದ ಸಂದಿಗೆ ಸಿಕ್ಕಿಕೊಂಡಿದೆಯೆಂದು ಗಾಬರಿಯಾಗಿ, ಕೈಗೆ ಸಿಕ್ಕ ಕತ್ತರಿ ಹಿಡಿದು ಧಡಧಡ ಮೆಟ್ಟಿಲಿಳಿದಳು. ಅನ್ನಪೂರ್ಣಮ್ಮ ಫ್ರಿಜ್ಜಿನ ಬಾಗಿಲು ತೆಗೆದು ಒಣಗಿದ ಪೆಟ್ಟಿಗೆ ತೋರಿಸಿದಾಗಲೇ ಅರ್ಥವಾಯಿತು: ಮಂಚುಗಡ್ಡ ಅಂದರೆ ಮಂಜುಗಡ್ಡೆ, ಅದು ಬೀಳುತ್ತಿಲ್ಲ. ಕತ್ತರಿ ಯಾಕೆಂದು ಅನ್ನಪೂರ್ಣಮ್ಮ ಕಣ್ಣಲ್ಲೇ ಕೇಳಿದಳು. ದಾಕ್ಷಾಯಣಿ ತನ್ನ ಗದ್ದ ಮುಟ್ಟಿ, ಮೂಲೆಯ ಮಂಚ ತೋರಿಸಿ, ಗಡ್ಡ ಎಳೆದಂತೆ ಅಭಿನಯಿಸಿದಳು. ಅನ್ನಪೂರ್ಣಮ್ಮ ನಗು ತಡೆಯಲಾಗದೆ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಒಂದು ವರ್ಷ ಒಂದೇ ಸೂರಿನಡಿ ಇದ್ದವರು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ನಕ್ಕು ಮುಗಿದ ಮೇಲೆ ನಿಜವಾದ ಸಂಕಟ ಹೊರಬಂತು. ಶ್ರೀರಾಮನವಮಿಗೆ ಇನ್ನು ಎರಡೇ ದಿನ ಇತ್ತು. ಈ ಸಲ ಬೀದಿಯ ಚಪ್ಪರದಲ್ಲಿ ಎಲ್ಲರಿಗೂ ಐಸ್ ಹಾಕಿದ ಪಾನಕವೆಂದು ಅನ್ನಪೂರ್ಣಮ್ಮ ಸಾರಿಬಿಟ್ಟಿದ್ದಳು. ಎದುರುಮನೆಯ ಲಕ್ಷ್ಮೀಕಾಂತಮ್ಮ ಆಗಲೇ, "ಮಸ್ಕತ್ತಿನ ಪೆಟ್ಟಿಗೆಗೆ ಏನಾಯಿತಂತೆ?" ಎಂದು ಹಾಲಿನವನ ಹತ್ತಿರ ವಿಚಾರಿಸಿದ್ದಳು. ಬೆಂಜ್ ಸರ್ಕಲ್ಲಿನ ಅಂಗಡಿಯೊಂದರಿಂದ ಬಂದ ಮೆಕ್ಯಾನಿಕ್ ದುರ್ಗಾಪ್ರಸಾದ್ ಒಳಗೆಲ್ಲ ಮುಟ್ಟಿ ನೋಡಿ, ಫ್ರಿಜ್ಜು ಚೆನ್ನಾಗಿದೆ, ತಣ್ಣಗೂ ಇದೆ, ಆದರೆ ಇಂಥ ಪೆಟ್ಟಿಗೆಯನ್ನು ತಾನು ಹಿಂದೆಂದೂ ಕಂಡಿಲ್ಲ, ಬಿಚ್ಚಲು ಧೈರ್ಯವಿಲ್ಲವೆಂದು ಕೈಮುಗಿದು ಹೋಗಿದ್ದ.

ದಾಕ್ಷಾಯಣಿಯ ಬೆರಳುಗಳು ಆಗಲೇ ತುರಿಸತೊಡಗಿದ್ದವು. ಊಟಕ್ಕೆ ಬಂದ ಗಂಡನಿಗೆ ವಿಷಯ ಹೇಳಿದಳು.

"ಅದು ನಮ್ಮ ಸಾಮಾನಲ್ಲ, ಮನಿ ಮಾಲಕರದು," ಎಂದ ಚಂದ್ರಮೌಳಿ. "ಕೈ ಹಚ್ಚಬ್ಯಾಡ. ರೇಡಿಯೋದ ಸ್ಕ್ರೂ ನೆನಪೈತಿಲ್ಲೋ?"

"ಈಗೇನು ಅದು ಛಲೋ ಐತೇನ್ರೀ? ಕೆಟ್ಟದ್ದನ್ನ ಇನ್ನೇನು ಕೆಡಸ್ಲಿ?"

"ನಿನ್ನ ಕೈಗೆ ಸಿಕ್ರ ಅದಕ್ಕೂ ಒಂದು ದಾರಿ ಸಿಗ್ತದ."

ಅವನು ಕೈ ತೊಳೆದು ಬ್ಯಾಂಕಿಗೆ ಹೊರಟ. ಅವನ ಸ್ಕೂಟರಿನ ಸದ್ದು ತಿರುವಿನಲ್ಲಿ ಕರಗುವ ಮೊದಲೇ ದಾಕ್ಷಾಯಣಿ ಕೆಳಗಿದ್ದಳು.

ಮೊದಲು ಏನನ್ನೂ ಬಿಚ್ಚಬಾರದು, ಕೂತು ನೋಡಬೇಕು: ಇದು ಶಂಕರಪ್ಪ ಕಲಿಸಿದ ಪಾಠ. ಸ್ಟೂಲು ಹಾಕಿಕೊಂಡು ನೋಡಿದಳು. ಮೇಲೆ ಬಿಳಿಯ ಪೆಟ್ಟಿಗೆ, ಅದರಲ್ಲಿ ನೀರು ಹೆಪ್ಪುಗಟ್ಟುವ ಅಚ್ಚು, ಕೆಳಗೆ ಮಂಜುಗಡ್ಡೆ ಬೀಳುವ ಡಬ್ಬಿ. ಪೆಟ್ಟಿಗೆಯ ಪಕ್ಕದಿಂದ ಕೊಡೆಯ ಕಡ್ಡಿಯಂಥ ಬಾಗಿದ ತಂತಿಯೊಂದು ಡಬ್ಬಿಯೊಳಕ್ಕೆ ಇಳಿಯಬೇಕಿತ್ತು; ಇಳಿದಿರಲಿಲ್ಲ. ಡಬ್ಬಿ ಖಾಲಿ ಬಿದ್ದಿದೆಯಲ್ಲ ಎಂದು ಅನ್ನಪೂರ್ಣಮ್ಮ ಅದರಲ್ಲಿ ಮಲ್ಲಿಗೆ ಮೊಗ್ಗಿನ ಪೊಟ್ಟಣ, ಕರಿಬೇವಿನ ಕಟ್ಟು, ಒಂದು ದೊಡ್ಡ ಗೋಂಗೂರ ಚಟ್ನಿಯ ಡಬ್ಬ ತುರುಕಿದ್ದಳು. ತಂತಿ ಚಟ್ನಿ ಡಬ್ಬದ ಮುಚ್ಚಳದ ಮೇಲೆ ಹಾಯಾಗಿ ಮಲಗಿತ್ತು.

ದಾಕ್ಷಾಯಣಿ ಎದ್ದು, ಅನ್ನಪೂರ್ಣಮ್ಮನ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದು, ಫ್ಲಶ್ಶಿನ ಟ್ಯಾಂಕಿನ ಮುಚ್ಚಳ ತೆಗೆದಳು. ನೀರಿನ ಜೊತೆ ಚೆಂಡು ಮೇಲೇಳುವುದನ್ನೂ, ಮೇಲೆದ್ದ ಚೆಂಡು ನೀರನ್ನು ನಿಲ್ಲಿಸುವುದನ್ನೂ ತೋರಿಸಿದಳು. ಆಮೇಲೆ ಫ್ರಿಜ್ಜಿನ ತಂತಿ ತೋರಿಸಿ, "ಇದಿ ಕೂಡಾ ಅದೇ!" ಎಂದಳು. ತಂತಿ ಮೇಲಿದ್ದರೆ ಡಬ್ಬಿ ತುಂಬಿದೆ ಎಂದು ಪೆಟ್ಟಿಗೆ ತಿಳಿದುಕೊಂಡು ಸುಮ್ಮನಾಗುತ್ತದೆ. ಇದೂ ಅದೇ ಎಂಬ ಆ ಮಾತು ಆಕೆಯ ಬದುಕಿನ ಮೊದಲ ಪೂರಾ ತೆಲುಗು ವಾಕ್ಯ. ಅನ್ನಪೂರ್ಣಮ್ಮ ಗಲ್ಲಕ್ಕೆ ಕೈಯಿಟ್ಟು ತನ್ನ ಚಟ್ನಿ ಡಬ್ಬವನ್ನು ಅಪರಾಧಿಯನ್ನು ನೋಡುವಂತೆ ನೋಡಿದಳು.

ಡಬ್ಬ ತೆಗೆದು ತಂತಿ ಇಳಿಸಿದರು. ಇಬ್ಬರೂ ಕಾಫಿ ಹಿಡಿದು ಕಾದು ಕೂತರು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಗುರ್ರೆಂದಿತು. ಪ್ಲಾಸ್ಟಿಕ್ಕಿನ ಬೆರಳುಗಳು ಮೆಲ್ಲಗೆ ತಿರುಗಿದವು. ಅನ್ನಪೂರ್ಣಮ್ಮ ರಾಮಾ ರಾಮಾ ಎಂದಳು. ಆದರೆ ಅಚ್ಚಿಗೆ ಒಂದು ಹನಿ ನೀರೂ ಬರಲಿಲ್ಲ.

ಯಂತ್ರಕ್ಕೆ ಜೀವವಿದೆ, ಬಾಯಿಗೆ ನೀರಿಲ್ಲ. ದಾಕ್ಷಾಯಣಿಗೆ ಹುರುಪು ಇನ್ನಷ್ಟು ಏರಿತು. ಪ್ಲಗ್ಗು ಕಿತ್ತು, ಹಿಂದಿನ ಗೋಡೆಯಿಂದ ಅಚ್ಚಿಗೆ ಬರುವ ಬಿಳಿ ನಳಿಕೆಗೆ ಕಣ್ಣಿಟ್ಟು ನೋಡಿದಳು. ಬಾಯೊಳಗೇ ಬೆಂಡಿನ ಬಿರಡೆಯಂತೆ ಮಂಜು ಕೂತಿತ್ತು. ಶಾಯಿ ತುಂಬುವ ಪಿಚಕಾರಿಯಿಂದ ಬಿಸಿನೀರು ಬಿಟ್ಟು ಬಿಟ್ಟು ಕರಗಿಸಿದಳು. ಅನ್ನಪೂರ್ಣಮ್ಮ ಪಕ್ಕದಲ್ಲಿ ಪಾತ್ರೆ ಹಿಡಿದು, ಕೂಸಿಗೆ ಔಷಧಿ ಕುಡಿಸುವುದನ್ನು ನೋಡುವವಳಂತೆ, "ಮೆಲ್ಲಗಾ, ಮೆಲ್ಲಗಾ" ಎನ್ನುತ್ತಿದ್ದಳು. ಮತ್ತೆ ಪ್ಲಗ್ಗು ಹಾಕಿ ಕಾದರೆ, ಈ ಸಲ ನೀರು ಬಂತು, ಆದರೆ ಶೀತವಾದವರ ಮೂಗಿನ ಹಾಗೆ ತೊಟ್ಟು ತೊಟ್ಟಾಗಿ.

ಆಗ ಆಕೆಗೆ ರೋಗದ ಬುಡ ಸಿಕ್ಕಿತು. ಹೀಗೆ ತೊಟ್ಟಿಕ್ಕಿದ ನೀರೇ ನಳಿಕೆಯಲ್ಲಿ ನಿಂತು ಹೆಪ್ಪುಗಟ್ಟಿದ್ದು. ಹಾಗಾದರೆ ನೀರು ಹಿಂದೆಲ್ಲೋ ಕಟ್ಟಿಕೊಂಡಿದೆ. ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಆ ಬೀರುವನ್ನು ಗೋಡೆಯಿಂದ ಈಚೆಗೆ ಎಳೆದರು. ಬೆನ್ನಿನ ಕೆಳಗೆ ತಾಮ್ರದ ಕೊಳವೆ ಸೇರುವಲ್ಲಿ ಎರಡು ವೈರಿನ ಒಂದು ವಾಲ್ವು ಇತ್ತು. ನಲ್ಲಿ ಮುಚ್ಚಿ, ನಟ್ಟು ಬಿಚ್ಚಿದರೆ ಒಳಗೆ ಚಹಾ ಸೋಸುವ ಜಾಲರಿಯಂಥದೇ ಕಿರುಬೆರಳಿನ ತುದಿಯಷ್ಟು ಸಣ್ಣ ಜಾಲರಿ. ಅದರ ಮೇಲೆ ಕೆಮ್ಮಣ್ಣು ಹೋಳಿಗೆಯ ಹೂರಣದ ಹಾಗೆ ಮೆತ್ತಿಕೊಂಡಿತ್ತು.

"ಇದಿಗೋ, ದೊಂಗ!" ಎಂದು ಕೂಗಿದಳು ದಾಕ್ಷಾಯಣಿ. ಕಳ್ಳನಿಗೆ ತೆಲುಗಿನಲ್ಲಿ ಏನೆನ್ನುತ್ತಾರೆಂದು ಎಂದೋ ಕಲಿತಿದ್ದಳು.

ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಜಾಲರಿ ತಿಕ್ಕಿ ತೊಳೆದು, ಜಾಗಕ್ಕೆ ಕೂರಿಸಿ, ನಟ್ಟು ಬಿಗಿದು, ಗೆದ್ದವರ ಗತ್ತಿನಲ್ಲಿ ನಲ್ಲಿ ತಿರುಗಿಸಿದಳು.

ಫಿಸ್ಸೆಂದು ನೀರು ನಟ್ಟಿನ ಸಂದಿಯಿಂದ ಛತ್ರಿಯಂತೆ ಬಿಚ್ಚಿಕೊಂಡಿತು. ಅನ್ನಪೂರ್ಣಮ್ಮನ ಸೀರೆ, ಗೋಡೆಯ ಕ್ಯಾಲೆಂಡರಿನ ದೇವರು, ಎಲ್ಲಕ್ಕೂ ಅಭಿಷೇಕವಾಯಿತು. ಗೋಡೆಗೆ ಒರಗಿಸಿಟ್ಟಿದ್ದ ಹೆಸರುಬೇಳೆಯ ಚೀಲವೂ ನೆನೆಯಿತು. ಅದು ನವಮಿಯ ಕೋಸಂಬರಿಗೆಂದು ಬೀದಿಯವರೆಲ್ಲ ಸೇರಿ ತಂದ ಬೇಳೆ. ಹಬ್ಬಕ್ಕೆ ಒಂದು ದಿನ ಮೊದಲೇ ನೆಂದುಕೂತಿತು. ನಲ್ಲಿ ಮುಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ಕೃಷ್ಣಾ ನದಿ ಹರಿಯುತ್ತಿತ್ತು.

ಅನ್ನಪೂರ್ಣಮ್ಮ ಬೈದಿದ್ದರೆ ಸಮಾಧಾನವಿರುತ್ತಿತ್ತು. ಆಕೆ ಏನೂ ಹೇಳದೆ ಸೀರೆ ಹಿಂಡಿಕೊಂಡಳು. ಆ ದನಿ ಸುಮ್ಮನಾದದ್ದನ್ನು ದಾಕ್ಷಾಯಣಿ ಕಂಡದ್ದೇ ಇಲ್ಲ. ನೆಲ ಒರೆಸಿ, ಬೇಳೆಯನ್ನು ಬಿಸಿಲಿಗೆ ಹರವಿ ಮೇಲೆ ಬಂದವಳಿಗೆ ಅಳು ಬಂತು. ಪರಊರು, ಪರಭಾಷೆ; ಈಗಷ್ಟೇ ಕೂಡಿಬಂದಿದ್ದ ಒಂದು ಸ್ನೇಹ. ಅದನ್ನೂ ನೀರಿಗೆ ಹಾಕಿದೆನಲ್ಲ ಎನಿಸಿತು. ಆದರೆ ಅಳುತ್ತಿರುವಾಗಲೂ ತಲೆ ಕೆಲಸ ಬಿಟ್ಟಿರಲಿಲ್ಲ. ನಟ್ಟು ಬಿಗಿಯಾಗಿತ್ತು, ಜಾಲರಿ ಸರಿಯಾಗಿ ಕೂತಿತ್ತು, ಮತ್ತೇಕೆ ಸೋರಿತು? ಕಣ್ಣೊರೆಸಿಕೊಂಡು ಯೋಚಿಸಿದಳು. ಬಿಚ್ಚುವಾಗ ನಟ್ಟಿನೊಳಗೊಂದು ಕರಿಯ ರಬ್ಬರಿನ ಬಳೆ ಇತ್ತು. ಜೋಡಿಸುವಾಗ ಇರಲಿಲ್ಲ. ಕಸದ ಜೊತೆ ಗುಡಿಸಿಹೋಗಿದೆ! ರೇಡಿಯೋದಲ್ಲಿ ಒಂದು ಉಳಿದಿತ್ತು, ಇಲ್ಲಿ ಒಂದು ಕಡಿಮೆಯಾಗಿತ್ತು. ಗಂಡನಿಗೆ ಇದು ತಿಳಿಯಬಾರದೆಂದು ನಿಶ್ಚಯಿಸಿ, ಸದ್ದಿಲ್ಲದೆ ಕೆಳಗಿಳಿದು ನಟ್ಟು ಬಿಚ್ಚಿ ಸೆರಗಿಗೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿಗೆ ನಡೆದಳು.

ವಿಜಯವಾಡದಲ್ಲಿ ಆಕೆ ಒಬ್ಬಳೇ ಬಸ್ಸು ಹತ್ತಿದ್ದು ಅಂದೇ. ಬೆಂಜ್ ಸರ್ಕಲ್ಲಿನಲ್ಲಿ ಇಳಿದು, ಲಾರಿ ರಿಕ್ಷಾಗಳ ನಡುವೆ ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟಿ, ಅಂಗಡಿ ಹುಡುಕಿ, ದುರ್ಗಾಪ್ರಸಾದನ ಮುಂದೆ ನಿಂತು ನಟ್ಟನ್ನು ಟೇಬಲ್ಲಿನ ಮೇಲಿಟ್ಟಳು. ಅವನು ಒಂದು ಡಬ್ಬಿ ತುಂಬ ರಬ್ಬರ್ ಬಳೆಗಳನ್ನು ಸುರಿದ. ಇಬ್ಬರೂ ಒಂದೊಂದಾಗಿ ಹಾಕಿ ನೋಡಿ ಸರಿಯಾದದ್ದನ್ನು ಆರಿಸಿದರು. ದುಡ್ಡು ಬೇಡವೆಂದ ಅವನು, ಅದರ ಬದಲಿಗೆ ಆ ಪೆಟ್ಟಿಗೆಗೆ ಏನಾಗಿತ್ತೆಂದು ಹೇಳಬೇಕೆಂದ. ದಾಕ್ಷಾಯಣಿ ಕನ್ನಡಕ್ಕೆ ತೆಲುಗಿನ ಬಾಲ ಹಚ್ಚಿ, ಮಾತು ಸಾಲದ ಕಡೆ ಕೈ ಆಡಿಸಿ ಹೇಳಿದಳು: ತಂತಿ, ನಳಿಕೆ, ಜಾಲರಿ. ಅವನು ಇತರ ಗಿರಾಕಿಗಳನ್ನು ನಿಲ್ಲಿಸಿ ಕೇಳಿದ.

"ಅಮ್ಮಾ, ಊರಿನಲ್ಲಿ ಇಂಥ ಪೆಟ್ಟಿಗೆ ಇನ್ನೂ ನಾಲ್ಕಾರು ಬಂದಿವೆ," ಎಂದ ತೆಲುಗಿನಲ್ಲಿ, ನಿಧಾನವಾಗಿ, ಆಕೆಗೆ ತಿಳಿಯುವ ಹಾಗೆ. "ಹಬ್ಬವಾದ ಮೇಲೆ ನನ್ನ ಜೊತೆ ಬರುತ್ತೀರಾ? ನಾನು ಫ್ರಿಜ್ಜು ನೋಡಿಕೊಳ್ಳುತ್ತೇನೆ, ನೀವು ಪೆಟ್ಟಿಗೆ ನೋಡಿ."

ಮನೆಗೆ ಬಂದಾಗ ಅನ್ನಪೂರ್ಣಮ್ಮ ಗೇಟಿನಲ್ಲಿ ನಿಂತಿದ್ದಳು. "ಎಲ್ಲಿ ಹೋಗಿದ್ದೆ? ಒಬ್ಬಳೇ? ಹೇಳದೆ?" ಎಂದು ಬೀದಿಗೆಲ್ಲ ಕೇಳುವಂತೆ ಗದರಿದಳು. ಆ ದನಿ ಕೇಳಿ ದಾಕ್ಷಾಯಣಿಗೆ ಎದೆಯ ಭಾರ ಇಳಿಯಿತು. ಅಂಗೈ ಬಿಚ್ಚಿ ರಬ್ಬರ್ ಬಳೆ ತೋರಿಸಿದಳು. ಅನ್ನಪೂರ್ಣಮ್ಮ ಅದನ್ನು ನೋಡಿ, ಆಕೆಯನ್ನು ನೋಡಿ, ಒಳಗೆ ಹೋಗಿ ಅಡುಗೆಮನೆಯ ಉಳಿದ ಚೀಲಗಳನ್ನೆಲ್ಲ ಎತ್ತಿ ಅಟ್ಟಕ್ಕೆ ಹಾಕಿ ಬಂದಳು. "ಈಗ ಬಿಗಿ," ಎಂದಳು.

ಈ ಸಲ ಒಂದು ಹನಿಯೂ ಸೋರಲಿಲ್ಲ. ಆದರೆ ದಾಕ್ಷಾಯಣಿ ಅಷ್ಟಕ್ಕೇ ಬಿಡುವವಳಲ್ಲ. ಜಾಲರಿಗೆ ಮಣ್ಣು ಬಂದದ್ದು ತಾರಸಿಯ ಮೇಲಿನ ಸಿಮೆಂಟಿನ ಟ್ಯಾಂಕಿನಿಂದ. ಅದನ್ನು ತೊಳೆಯದಿದ್ದರೆ ನಾಳೆ ಮತ್ತೆ ಇದೇ ಹಾಡು. ಟ್ಯಾಂಕಿನ ಬಾಯಿ ಕಿರಿದು. ಅನ್ನಪೂರ್ಣಮ್ಮ ಇಳಿಯುವ ಮಾತೇ ಇಲ್ಲ. ಅಷ್ಟರಲ್ಲಿ ಬ್ಯಾಂಕಿನಿಂದ ಬಂದ ಕಡ್ಡಿಯಂಥ ಚಂದ್ರಮೌಳಿಯನ್ನು ಇಬ್ಬರು ಹೆಂಗಸರೂ ಅಡಿಯಿಂದ ಮುಡಿವರೆಗೆ ಅಳೆದು ನೋಡಿದರು.

"ನಾನು ಆಫೀಸರ್ ಅದೇನಿ!" ಎಂದ ಚಂದ್ರಮೌಳಿ.

"ಟ್ಯಾಂಕಿನ್ಯಾಗ ಯಾರಿಗೆ ಕಾಣ್ತೈತಿ? ಇಳೀರಿ," ಎಂದಳು ದಾಕ್ಷಾಯಣಿ.

ಬಾಯಲ್ಲಿ ಗೊಣಗುತ್ತ, ಚಡ್ಡಿ ಬನಿಯನ್ನಿನಲ್ಲಿ, ಕೈಯಲ್ಲಿ ತೆಂಗಿನ ನಾರು ಹಿಡಿದು ಅವನು ಒಳಗಿಳಿದ. ಕೆಮ್ಮಣ್ಣು ಬಕೆಟ್ಟುಗಟ್ಟಲೆ ಹೊರಬಂತು. ಮಧ್ಯೆ ಉಸಿರಾಡಲು ತಲೆಯಷ್ಟೇ ಹೊರಗೆ ಹಾಕಿದಾಗ ಎದುರು ಬಾಲ್ಕನಿಯಲ್ಲಿ ಲಕ್ಷ್ಮೀಕಾಂತಮ್ಮ ನಿಂತಿದ್ದಳು. "ಅಯ್ಯೋ, ಆಫೀಸರ್ ಗಾರು ಟ್ಯಾಂಕಿಗೆ ಬಿದ್ದರಾ?" ಎಂದು ಕೂಗಿದಳು. ಚಂದ್ರಮೌಳಿ ಕೆಸರಿನ ಕೈಯಿಂದಲೇ ನಮಸ್ಕಾರ ಮಾಡಿ, ಮತ್ತೆ ಮುಳುಗಿದ.

ರಾತ್ರಿ ಅಡುಗೆಮನೆಯಲ್ಲಿ ದಡದಡ ಸದ್ದಾಯಿತು. ಅನ್ನಪೂರ್ಣಮ್ಮ ಓಡಿಬಂದು, ಮೊದಲ ಮಂಜುಗಡ್ಡೆಯೊಂದನ್ನು ತೆಗೆದು ದಾಕ್ಷಾಯಣಿಯ ಬಾಯಿಗೆ ಸಕ್ಕರೆಯಂತೆ ತುರುಕಿದಳು. ಮೊದಲ ಸಲದ್ದನ್ನು ಚೆಲ್ಲಬೇಕೆಂದು ಹೇಳಲು ಈಕೆಗೆ ಬಾಯಿ ತೆರೆಯಲಾಗಲಿಲ್ಲ. ಬಿದ್ದದ್ದನ್ನೆಲ್ಲ ಪಾತ್ರೆಗಳಲ್ಲಿ ತುಂಬಿ ಮೇಲಿನ ಅರೆಗೆ ಸೇರಿಸುತ್ತ ಹೋದರು. ನವಮಿಯ ದಿನ ಚಪ್ಪರದಡಿ ಬೆಲ್ಲ, ಮೆಣಸು, ಏಲಕ್ಕಿಯ ಪಾನಕದಲ್ಲಿ ಮಂಜು ತೇಲಿತು. ಬೇಳೆಯೂ ಒಣಗಿ ಕೆಲಸಕ್ಕೆ ಬಂದಿತ್ತು. ಲಕ್ಷ್ಮೀಕಾಂತಮ್ಮ ಲೋಟ ಬರಿದು ಮಾಡಿ, ತುಟಿ ಒರೆಸಿಕೊಂಡು, "ತಣ್ಣಗೇನೋ ಇದೆ, ಬೆಲ್ಲ ಕಡಿಮೆ," ಎಂದಳು. ಎಂದು, ಇನ್ನೊಂದು ಲೋಟಕ್ಕೆ ಕೈ ಚಾಚಿದಳು.

ಹಬ್ಬವಾದ ಮೇಲೆ ದುರ್ಗಾಪ್ರಸಾದ್ ನಿಜವಾಗಿಯೂ ಬಂದ. ಪೆಟ್ಟಿಗೆಯಿಂದ ಶುರುವಾದದ್ದು ಇಡೀ ಫ್ರಿಜ್ಜಿಗೆ ಹಬ್ಬಿತು. ಅವನಿಂದ ದಾಕ್ಷಾಯಣಿ ಗ್ಯಾಸ್ ತುಂಬುವುದನ್ನೂ ಬೆಸುಗೆ ಹಾಕುವುದನ್ನೂ ಕಲಿತಳು. ಮನೆಮನೆ ತಿರುಗಿ ತೆಲುಗೂ ಬಂತು. ಮೊದಲು ಬಂದದ್ದು ಬಿಡಿಭಾಗಗಳ ಹೆಸರು, ಆಮೇಲೆ ಬೈಗುಳ, ಕೊನೆಗೆ ವ್ಯಾಕರಣ. ತೊಂಬತ್ತಾರರಲ್ಲಿ ಚಂದ್ರಮೌಳಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ, ಅನ್ನಪೂರ್ಣಮ್ಮ ಲಾರಿಯ ಹಿಂದೆ ಒಂದು ಜಾಡಿ ಗೋಂಗೂರ ಚಟ್ನಿ ಹಿಡಿದು ಅಳುತ್ತ ಬಂದಳು.

ಮಧುರವಾಡದಲ್ಲಿ ಆಗಿನ್ನೂ ಗೇರುತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಸ ಮನೆ ಏಳುತ್ತಿತ್ತು. ಅಲ್ಲಿ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ದಾಕ್ಷಾಯಣಿ ಕೆಲಸ ಶುರು ಮಾಡಿದಳು. ಕಡಲಿನ ಉಪ್ಪುಗಾಳಿಗೆ ಫ್ರಿಜ್ಜುಗಳ ತಗಡು ಬೇಗ ತುಕ್ಕು ಹಿಡಿಯುತ್ತಿದ್ದುದರಿಂದ ಕೆಲಸಕ್ಕೆ ಬರವಿರಲಿಲ್ಲ. ಹೆಂಗಸರಿಗೆ ಅನುಕೂಲವೇ ಆಯಿತು. ಗಂಡಸರು ಮನೆಯಲ್ಲಿಲ್ಲದ ಹೊತ್ತಿನಲ್ಲೂ ಕರೆಯಬಹುದು, ರಿಪೇರಿಯ ಜೊತೆಗೆ ಹುಳಿ ಕೂಡ ಹೇಗಿದೆಯೆಂದು ರುಚಿ ನೋಡಿ ಹೇಳುತ್ತಾಳೆ. ಚಂದ್ರಮೌಳಿ ಫೋನು ಎತ್ತಿ, "ಮೇಡಂ ಕೆಲಸದ ಮೇಲೆ ಹೋಗಿದ್ದಾರೆ," ಎಂದು ಆಫೀಸರನ ಗತ್ತಿನಲ್ಲೇ ಹೇಳುವುದನ್ನು ಅಭ್ಯಾಸ ಮಾಡಿಕೊಂಡ.

ಒಂದು ಸಲ ಉಕ್ಕಿನ ಕಾರ್ಖಾನೆಯ ಕಾಲೊನಿಯಿಂದ ಕರೆ ಬಂತು. ಎರಡು ಬಸ್ಸು ಬದಲಿಸಿ ಹೋದಳು. ಬಾಗಿಲು ತೆರೆದ ಎಂಜಿನಿಯರ್ ಶ್ರೀಕಂಠನೂ ಅವನ ಹೆಂಡತಿಯೂ ತೆಲುಗಿನಲ್ಲಿ ಮಾತಾಡಿದರು. ಈಕೆಯೂ ತೆಲುಗಿನಲ್ಲೇ ಉತ್ತರಿಸಿದಳು. ಫ್ರಿಜ್ಜಿನಲ್ಲಿ ಮಂಜು ಗುಡ್ಡೆಗಟ್ಟಿತ್ತು. ದಾಕ್ಷಾಯಣಿ ತಲೆಯನ್ನು ಒಳಗೆ ತೂರಿಸಿ, ಬಾಗಿಲಿನ ರಬ್ಬರಿನ ಮೇಲೆ ಬೆರಳಾಡಿಸುತ್ತಿರುವಾಗ ಹಿಂದಿನಿಂದ ಹೆಂಡತಿಯ ಪಿಸುಮಾತು ಕೇಳಿತು.

"ಅಲ್ರೀ, ಬ್ಯಾರೆ ಯಾರೂ ಸಿಗಲಿಲ್ಲೇನು ನಿಮಗ? ಈ ಹೆಣಮಗಳು ಏನು ತಿಳಕೊಂಡು ಮಾಡ್ತಾಳ? ಇದ್ದದ್ದೂ ಕೆಡಿಸಿ ಹೋಗ್ತಾಳ ನೋಡ್ರಿ."

"ಸುಮ್ನಿರ ಕಮಲಾಕ್ಷಿ, ಕೇಳಿಸೀತು."

"ಕೇಳಿಸಿದ್ರ ಏನಾತು? ಆಕೀಗೆ ತಿಳೀತೈತೇನು ನಮ್ಮ ಭಾಷಾ?"

ದಾಕ್ಷಾಯಣಿ ಫ್ರಿಜ್ಜಿನೊಳಗಿಂದ ತಲೆ ತೆಗೆಯಲಿಲ್ಲ. ಅಲ್ಲಿಂದಲೇ ಹೇಳಿದಳು:

"ತಿಳೀತೈತ್ರೀ ಅಕ್ಕಾ. ಬಾಗಿಲದ ರಬ್ಬರ್ ಹರದೈತಿ, ಅದಕ್ಕ ಹೊರಗಿನ ಗಾಳಿ ಒಳಗ ಹೊಂಟೈತಿ. ಅಷ್ಟ ಐತಿ ರೋಗ. ಕೆಡಸೂದಿಲ್ಲ, ಹೆದರಬ್ಯಾಡ್ರಿ."

ಕಮಲಾಕ್ಷಿಯ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿದ್ದು ಉರುಳಿತು. ಶ್ರೀಕಂಠ ಹೊಟ್ಟೆ ಹಿಡಿದು ನಗತೊಡಗಿದ. "ಯಾವೂರ್ರೀ ನಿಮ್ಮದು?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಗದಗ ಎಂದಾಗ, ರೋಣದ ಕಮಲಾಕ್ಷಿ ಆಕೆಯ ತಣ್ಣನೆಯ ಎರಡೂ ಕೈಗಳನ್ನು ಹಿಡಿದುಕೊಂಡಳು. ಹೊಸ ರಬ್ಬರು ಕೂರಿಸಿ, ಬಾಗಿಲು ಗಟ್ಟಿಯಾಗಿ ಮುಚ್ಚುತ್ತದೆಯೇ ಎಂದು ಕಾಗದದ ಚೂರು ಸಿಕ್ಕಿಸಿ ಎಳೆದು ಪರೀಕ್ಷಿಸುವ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

"ಉಂಡು ಹೋಗಬೇಕ್ರೀ," ಎಂದು ಕಮಲಾಕ್ಷಿ ಒಳಗಿಂದ ಕೂಗಿದಳು. "ಮತ್ತ, ನಮ್ಮ ಮಿಕ್ಸರ್ರೂ ಒಂದು ಗರ್ ಅಂತೈತಿ."

ದಾಕ್ಷಾಯಣಿಯ ಕಣ್ಣು ಹೊಳೆಯಿತು. "ತರ್ರಿ ಇಲ್ಲೆ," ಎಂದು ನೆಲಕ್ಕೆ ಪೇಪರು ಹಾಸಿದಳು.